ಮೈಲೋ ಕೊವಾಂಡಾನ ಒಂಬತ್ತು ಹೊರತುಗಳು

ಲೈಸೆನ್ಸು ಕೈಗೆ ಬರುವ ಮೊದಲೇ ಅಂಗಡಿಯ ಕಿಟಕಿ ಗಾಜಿನ ಮೇಲೆ ಬಂಗಾರದ ಬಣ್ಣದಲ್ಲಿ ‘ಮೈಲೋ ಜೆ. ಕೊವಾಂಡಾ, ಪರವಾನಗಿ ಪಡೆದ ಟೈಟಲ್ ವಿಮಾ ಏಜೆಂಟ್’ ಎಂದು ಬರೆಸಬಾರದಿತ್ತು. ಇದನ್ನು ಅವನ ಹೆಂಡತಿ ಆರ್ಡಿಸ್ ಹೇಳಿದಳು. ಬರೆದ ಪೇಂಟರನೂ ಹೇಳಿದ. ಆದರೆ ಅವನು ಕೂಲಿ ಜೇಬಿಗೆ ಹಾಕಿಕೊಂಡ ಮೇಲೆ ಹೇಳಿದ.

ಮೈಲೋ ಐವತ್ನಾಲ್ಕು ವರ್ಷದ ಗಂಡಸು. ಅದರಲ್ಲಿ ಮೂವತ್ತೊಂದು ವರ್ಷವನ್ನು ಬ್ರಾನೆಕ್ ಊರಿನ ಕೋರ್ಟ್ ಕಟ್ಟಡದ ನೆಲಮಾಳಿಗೆಯಲ್ಲಿ ಕಳೆದಿದ್ದ. ಅಪರಾಧ ಮಾಡಿ ಅಲ್ಲ, ಅವನ ಕೆಲಸವೇ ಅಲ್ಲಿತ್ತು. ಊರಲ್ಲಿ ಯಾರಾದರೂ ಮನೆಯನ್ನೋ ಹೊಲವನ್ನೋ ಕೊಳ್ಳುವಾಗ ಅದು ಮಾರುವವನದೇ ಹೌದೋ ಅಲ್ಲವೋ, ಸತ್ತ ಅಜ್ಜನ ಎರಡನೇ ಹೆಂಡತಿಯ ಪಾಲು ಎಲ್ಲಾದರೂ ಅಡಗಿ ಕೂತಿದೆಯೋ, ಹಿತ್ತಿಲಲ್ಲಿ ರೈಲು ಕಂಪನಿಗೆ ಹಾದಿಯ ಹಕ್ಕಿದೆಯೋ ಎಂದು ಹಳೆಯ ನೋಂದಣಿ ಪುಸ್ತಕಗಳನ್ನು ತಿರುವಿ ನೋಡಬೇಕು. ನೋಡಿ, ವಿಮಾ ಕಂಪನಿಯ ಪರವಾಗಿ ಒಂದು ಕಾಗದ ಬರೆದುಕೊಡಬೇಕು: ಈ ಜಾಗದ ಟೈಟಲಿಗೆ, ಅಂದರೆ ಹಕ್ಕಿಗೆ, ನಾವು ಹೊಣೆ, ಈ ಕೆಳಗಿನ ಸಂಗತಿಗಳ ಹೊರತು. ಆ ‘ಹೊರತು’ಗಳ ಪಟ್ಟಿಯಲ್ಲೇ ಈ ಕಸುಬಿನ ಪ್ರಾಣ ಇರುವುದು. ಪಟ್ಟಿಯಲ್ಲಿ ಬರೆದದ್ದಕ್ಕೆ ಕಂಪನಿ ಹೊಣೆಯಲ್ಲ. ಬರೆಯದೆ ಬಿಟ್ಟದ್ದು ಆಮೇಲೆ ಎದ್ದು ಬಂದರೆ ದಂಡ ತೆರಬೇಕು. ಹಾಗಾಗಿ ಮೈಲೋ ಏನನ್ನೂ ಬಿಡುತ್ತಿರಲಿಲ್ಲ.

ಮೂವತ್ತೊಂದು ವರ್ಷ ಇದನ್ನೇ ಬರೆದವನ ಬುದ್ಧಿ ನೆಟ್ಟಗಿರುವುದಿಲ್ಲ. ಒಮ್ಮೆ ಹಳೆಯ ಕಾರು ಮಾರಲು ಹೊರಟು, ಕೊಳ್ಳಲು ಬಂದವನ ಕೈಗೆ ಹನ್ನೊಂದು ದೋಷಗಳ ಪಟ್ಟಿ ಕೊಟ್ಟಿದ್ದ. ಆ ಮನುಷ್ಯ ನಡೆದುಕೊಂಡೇ ಊರಿಗೆ ಹೋದ. ಮದುವೆಗೆ ಮುಂಚೆ ಆರ್ಡಿಸ್‌ಳ ಅಪ್ಪನ ಎದುರು ಕೂತು ತನ್ನ ಕುಂದುಕೊರತೆಗಳನ್ನೆಲ್ಲ ನಂಬರು ಹಾಕಿ ಹೇಳಿದ್ದ. ಮುದುಕನಿಗೆ ಕಿವಿ ಮಂದ, ಅದರಿಂದಾಗಿ ಮದುವೆ ನಡೆಯಿತು.

ಅಂಗಡಿಯ ಯಜಮಾನ ಬ್ಯೂಷರ್ ಆ ಬೇಸಿಗೆಯಲ್ಲಿ ಮಂಡಿನೋವೆಂದು ಅರಿಜೋನಾಕ್ಕೆ ಹೊರಟುಹೋದ. ಹೋಗುವಾಗ ಅಂಗಡಿಯನ್ನು ಮೈಲೋಗೆ ಮಾರಿದ. ಲೈಸೆನ್ಸನ್ನು ಮಾತ್ರ ಮಾರುವಂತಿಲ್ಲ. ರಾಜ್ಯದ ವಿಮಾ ಇಲಾಖೆಯ ಕಟ್ಟಳೆ ಹೀಗಿತ್ತು: ಏಜೆಂಟನಿಗೆ ಒಂದು ಲೈಸೆನ್ಸು, ಏಜೆನ್ಸಿಗೆ ಇನ್ನೊಂದು, ಏಜೆನ್ಸಿಯ ಲೈಸೆನ್ಸಿನಲ್ಲಿ ಹೊಣೆ ಹೊರುವ ಒಬ್ಬ ಏಜೆಂಟನ ಹೆಸರಿರಬೇಕು. ಬ್ರಾನೆಕ್‌ನಲ್ಲಿ ಏಜೆಂಟನೂ ಮೈಲೋ, ಏಜೆನ್ಸಿಯೂ ಮೈಲೋ, ಹೊಣೆ ಹೊರುವವನೂ ಮೈಲೋ, ಕಸ ಗುಡಿಸುವವನೂ ಮೈಲೋ. ಬ್ಯೂಷರನ ಲೈಸೆನ್ಸು ಸೆಪ್ಟೆಂಬರ್ ಮೂವತ್ತರ ಸಂಜೆ ಐದಕ್ಕೆ ಸಾಯುತ್ತಿತ್ತು. ಅಷ್ಟರೊಳಗೆ ಮೈಲೋನದು ಹುಟ್ಟದಿದ್ದರೆ ಅಂಗಡಿಗೆ ಬೀಗ. ಒಮಾಹಾದ ದೊಡ್ಡ ಕಂಪನಿಯೊಂದು ಚೌಕದ ಆಚೆ ಬದಿಯ ಮುಚ್ಚಿದ ಚಪ್ಪಲಿ ಅಂಗಡಿಯನ್ನು ಆಗಲೇ ಬಾಡಿಗೆಗೆ ಹಿಡಿದು ‘ಅಕ್ಟೋಬರ್ ಒಂದರಿಂದ’ ಎಂದು ಕಾಗದ ಅಂಟಿಸಿತ್ತು. ಆ ಕಾಗದ ನೋಡಿದ ಸಿಟ್ಟಿಗೇ ಮೈಲೋ ಪೇಂಟರನನ್ನು ಕರೆಸಿದ್ದು.

ಪರೀಕ್ಷೆ ಪಾಸಾಗಿತ್ತು. ಉಳಿದದ್ದು ಅರ್ಜಿ ಮತ್ತು ಬೆರಳಚ್ಚು. ಒಂದು ಸಂಜೆ ಅಡುಗೆಮನೆಯ ಮೇಜಿನ ಮೇಲೆ ಅರ್ಜಿ ಹರಡಿಕೊಂಡು ಕೂತವನು ಕೊನೆಯ ಪುಟಕ್ಕೆ ಬಂದು ನಿಂತುಬಿಟ್ಟ. ಅಲ್ಲಿ ಎರಡು ಪ್ರಶ್ನೆಗಳಿದ್ದವು. ನಿಮ್ಮ ಮೇಲೆ ಎಂದಾದರೂ ಅಪರಾಧದ ಮೊಕದ್ದಮೆ ನಡೆದಿದೆಯೇ? ನಿಮ್ಮ ಯೋಗ್ಯತೆಯ ಬಗ್ಗೆ ಇಲಾಖೆಗೆ ತಿಳಿದಿರಬೇಕಾದ ಬೇರೆ ಸಂಗತಿ ಏನಾದರೂ ಇದೆಯೇ?

“ಎರಡಕ್ಕೂ ಇಲ್ಲ ಅಂತ ಗುರುತು ಹಾಕು. ಊಟ ಆರಿಹೋಗ್ತಿದೆ,” ಎಂದಳು ಆರ್ಡಿಸ್.

“ಹಾಗೆಲ್ಲ ಹಾಕಕ್ಕಾಗಲ್ಲ ಕಣೇ. ಬೇರೆ ಸಂಗತಿ ಅಂತ ಕೇಳಿದಾರೆ.”

“ಎಲ್ಲರನ್ನೂ ಕೇಳ್ತಾರೆ. ಎಲ್ಲರೂ ಇಲ್ಲ ಅಂತಾರೆ.”

“ಅದಕ್ಕೇ ಲೋಕದಲ್ಲಿ ಇಷ್ಟೊಂದು ವ್ಯಾಜ್ಯ.”

“ನೀನೇನು ಕೊಲೆ ಮಾಡಿದೀಯಾ, ಮೈಲೋ?”

“ಮಾಡಿಲ್ಲ. ಆದ್ರೆ ಬಿಟ್ಟಿದ್ದು ಯಾವತ್ತಾದ್ರೂ ಎದ್ದು ಬಂದ್ರೆ?”

ಅವನು ಟೈಪ್ ಮಾಡತೊಡಗಿದ. ಅರ್ಜಿದಾರನ ನಡತೆ ಶುದ್ಧವಾಗಿದೆ, ಈ ಕೆಳಗಿನವುಗಳ ಹೊರತು, ಎಂದು ಶುರು ಮಾಡಿ ಒಂಬತ್ತು ಸಂಗತಿಗಳನ್ನು ಬರೆದ. ಒಂದನೆಯದು: ‘1982ರ ಆಗಸ್ಟ್‌ನಲ್ಲಿ ಬೊಜೆನಾ ಶಿಮೆಕ್ ಅವರ ತೋಟದಿಂದ ಮೂರು ಕಲ್ಲಂಗಡಿ ಹಣ್ಣುಗಳನ್ನು ಅರ್ಜಿದಾರನೂ ಲೆಸ್ಟರ್ ಹಾವೆಲ್ಕಾನೂ (ಈಗ ಕೌಂಟಿಯ ಶೆರಿಫ್) ಸೇರಿ ಹೊತ್ತೊಯ್ದದ್ದು. ಖುಲಾಸೆ ಪತ್ರ ದಾಖಲಾಗಿಲ್ಲ.’ ನಾಲ್ಕನೆಯದು: ‘ನೆರೆಮನೆಯ ಲವೋನ್ ಅವರ ಅಲ್ಯೂಮಿನಿಯಂ ಏಣಿ, 2006ರಿಂದ ಅರ್ಜಿದಾರನ ಸ್ವಾಧೀನದಲ್ಲಿ.’ ಐದನೆಯದು: ‘ಚರ್ಚಿನ ಪ್ಯಾನ್‌ಕೇಕ್ ಉಪಾಹಾರದಲ್ಲಿ, ತಲೆಗೊಂದು ತಟ್ಟೆ ಎಂಬ ನಿಯಮವಿದ್ದೂ, ಟೋಪಿ ಬದಲಿಸಿ ಎರಡನೇ ಸಲ ಸಾಲಿನಲ್ಲಿ ನಿಂತದ್ದು.’

ಆರ್ಡಿಸ್ ಅದನ್ನು ಹರಿದು ಹಾಕಬೇಕೆಂದೇ ಕೈಗೆತ್ತಿಕೊಂಡಳು. ಓದುತ್ತ ಓದುತ್ತ ಏಳನೆಯದಕ್ಕೆ ಬಂದಳು. ‘ಮದುವೆಯ ಕಾಲಕ್ಕೆ, ಕೊಲರಾಡೋದ ಬೆಟ್ಟಗಳನ್ನು ತೋರಿಸುವುದಾಗಿ ಪತ್ನಿಗೆ ಕೊಟ್ಟ ಮಾತು. ಇಪ್ಪತ್ತೆಂಟು ವರ್ಷದಿಂದ ಬಾಕಿ.’

ಅವಳು ಅದನ್ನು ಎರಡು ಸಲ ಓದಿದಳು. ಆಮೇಲೆ ಲಕೋಟೆಗೆ ಹಾಕಿ, ತಾನೇ ಅಂಟಿಸಿ, ತಾನೇ ಹೋಗಿ ಅಂಚೆ ಡಬ್ಬಿಗೆ ಹಾಕಿ ಬಂದಳು.

ಮರುದಿನ ಬೆರಳಚ್ಚು. ಬ್ರಾನೆಕ್‌ನಲ್ಲಿ ಬೆರಳಚ್ಚು ತೆಗೆಯುವುದು ಶೆರಿಫನ ಕಚೇರಿಯಲ್ಲಿ, ಕಳ್ಳನದಾದರೂ ಸರಿ, ವಿಮಾ ಏಜೆಂಟನದಾದರೂ ಸರಿ. ಶೆರಿಫ್ ಲೆಸ್ಟರ್ ಬಾಲ್ಯದ ಗೆಳೆಯ, ಮೈಲೋನ ಎರಡರಷ್ಟು ದಪ್ಪ. ಬೆರಳು ಗಾಜಿನ ಮೇಲಿಟ್ಟರೆ ಚಿತ್ರ ತೆಗೆಯುವ ಯಂತ್ರವೊಂದಿತ್ತು. ಅದು ಮೈಲೋನ ಬೆರಳನ್ನು ಬೆರಳೆಂದೇ ಒಪ್ಪಲಿಲ್ಲ. ಲೆಸ್ಟರ್ ಹಳೇ ಕಾಲದ ಮಸಿ ಹಚ್ಚಿ ಕಾಗದಕ್ಕೆ ಒತ್ತಿಸಿದ. ಹತ್ತು ಕಪ್ಪು ಬೊಟ್ಟು ಮೂಡಿದವು, ಒಂದರಲ್ಲೂ ಗೆರೆಯಿಲ್ಲ.

“ಎಲ್ಲಿ ಹೋದ್ವೋ ನಿನ್ನ ಗೆರೆಗಳು?”

“ಪುಸ್ತಕಕ್ಕೆ ಹೋದ್ವು,” ಎಂದ ಮೈಲೋ. ಅದು ನಿಜ. ಮೂವತ್ತೊಂದು ವರ್ಷ ನೋಂದಣಿ ಪುಸ್ತಕಗಳ ಒರಟು ಹಾಳೆ ತಿರುವಿ ತಿರುವಿ ಅವನ ಬೆರಳ ತುದಿಗಳು ಬೇಯಿಸಿ ಸಿಪ್ಪೆ ಸುಲಿದ ಆಲೂಗಡ್ಡೆಯಂತೆ ನುಣುಪಾಗಿದ್ದವು.

“ಕಳ್ಳತನಕ್ಕೆ ಹೇಳಿ ಮಾಡಿಸಿದ ಕೈ. ಹೋಗಿ ಹೋಗಿ ಲೈಸೆನ್ಸಿಗೆ ಹಾಳು ಮಾಡ್ಕೊಳ್ತಿದೀಯಲ್ಲೋ,” ಎಂದು ಲೆಸ್ಟರ್ ಹೊಟ್ಟೆ ಕುಲುಕಿಸಿ ನಕ್ಕ.

“ಲೆಸ್ಟರ್, ನಿನಗೊಂದು ಕಾಗದ ಬರಬಹುದು.”

“ಬರ್ಲಿ ಬಿಡು. ದಿನಾ ಬರ್ತಾವೆ.”

ಮೂರು ಸಲ ಒತ್ತಿಸಿದ ಮೇಲೆ ಮೈಲೋ ಹೊರಗೆ ಬಂದ. ಮಸಿ ಬಟ್ಟೆಗೆ ತಾಗದಿರಲಿ ಎಂದು ಎರಡೂ ಕೈ ಮೇಲಕ್ಕೆತ್ತಿಕೊಂಡು ಶೆರಿಫನ ಬಾಗಿಲಿನಿಂದ ಚೌಕ ದಾಟಿ ನಡೆದ. ಆಗ ಮಧ್ಯಾಹ್ನ ಹನ್ನೆರಡು ಗಂಟೆ. ಎದುರಿನ ಹೋಟೆಲಿನ ಕಿಟಕಿಯ ಪಕ್ಕ ಕೂತು ಲವೋನ್ ಪೈ ತಿನ್ನುತ್ತಿದ್ದಳು. ನಾಲ್ಕನೇ ಹೊರತಿನ ಏಣಿಯ ಒಡತಿ ಇವಳೇ. ಶೆರಿಫನ ಕಚೇರಿಯಿಂದ ಕೈ ಮೇಲೆತ್ತಿಕೊಂಡು ಬರುವ ಗಂಡಸನ್ನು, ಅದೂ ಹತ್ತು ಬೆರಳೂ ಕಪ್ಪಾದವನನ್ನು ನೋಡಿದವಳು ಜೀವನದಲ್ಲಿ ಮೊದಲ ಬಾರಿಗೆ ಪೈಯನ್ನು ಅರ್ಧಕ್ಕೆ ಬಿಟ್ಟು ಎದ್ದಳು.

ಸಂಜೆ ಐದಕ್ಕೆ ಅವಳು ಕೊವಾಂಡಾ ಮನೆಯ ಬಾಗಿಲಲ್ಲಿದ್ದಳು. ಕೈಯಲ್ಲಿ ಟ್ಯೂನಾ ಮೀನು, ನೂಡಲ್ಸು, ಚೀಸು ಬೇಯಿಸಿದ ದೊಡ್ಡ ತಟ್ಟೆ.

“ಆರ್ಡಿಸ್, ನೀನೇನೂ ಹೇಳಬೇಡ. ನಾನೇನೂ ಕೇಳಲ್ಲ. ಎಷ್ಟು ವರ್ಷ ಅಂತೆ?”

ಆರ್ಡಿಸ್ ಲೈಸೆನ್ಸಿನ ಮಾತೆಂದೇ ತಿಳಿದಳು. “ಮೊದ್ಲು ಎರಡು ವರ್ಷ. ಆಮೇಲೆ ಎರಡೆರಡು ವರ್ಷಕ್ಕೆ ಮುಂದುವರಿಸ್ತಾರಂತೆ.”

ಲವೋನ್ ಬಾಗಿಲ ಚೌಕಟ್ಟು ಹಿಡಿದುಕೊಂಡಳು. “ಹೀಗೇ ಎಲ್ಲೀವರ್ಗೆ?”

“ಕೈಲಾಗೋವರ್ಗೂ. ಬ್ಯೂಷರ್ ನಲವತ್ತು ವರ್ಷ ಮಾಡಿಲ್ವಾ.”

“ಬ್ಯೂಷರೂನಾ? ನಲವತ್ತು ವರ್ಷನಾ? ನಮ್ಮ ಕಣ್ಣೆದುರಿಗೇ?”

“ನಡುವೆ ಪಾಠಕ್ಕೆ ಬೇರೆ ಕೂರಿಸ್ತಾರಂತೆ. ಇಂತಿಷ್ಟು ಗಂಟೆ ಅಂತ ಲೆಕ್ಕ.”

“ಅಲ್ಲಿ ಓದುಬರಹ ಕಲಿಸ್ತಾರೆ ಅಂತ ನಾನೂ ಕೇಳಿದ್ದೆ,” ಎಂದು ಲವೋನ್ ಕಣ್ಣೊರೆಸಿಕೊಂಡಳು. “ಈ ತಟ್ಟೆ ವಾಪಸ್ ಕೊಡಬೇಡ. ಬಿಸಾಕೋ ತಟ್ಟೇಲೇ ತಂದಿದೀನಿ.”

ಬ್ರಾನೆಕ್‌ನಲ್ಲಿ ಇದಕ್ಕೊಂದು ಅರ್ಥವಿದೆ. ಹೆರಿಗೆಗೆ, ಕಾಲು ಮುರಿತಕ್ಕೆ ನೆರೆಹೊರೆಯವರು ಅಡುಗೆಯನ್ನು ಗಾಜಿನ ಪಾತ್ರೆಯಲ್ಲಿ ತರುತ್ತಾರೆ, ಪಾತ್ರೆ ವಾಪಸು ಬರಲೆಂದು ತಳಕ್ಕೆ ಹೆಸರಿನ ಚೀಟಿ ಅಂಟಿಸಿ. ಬಿಸಾಕುವ ತಗಡಿನ ತಟ್ಟೆಯಲ್ಲಿ ತರುವುದು ಸಾವಿಗೆ, ಇಲ್ಲವೇ ಸಾವಿಗಿಂತ ಕೆಟ್ಟದ್ದಕ್ಕೆ. ಗುರುವಾರದ ಹೊತ್ತಿಗೆ ಕೊವಾಂಡಾ ಮನೆಗೆ ಹನ್ನೊಂದು ತಗಡಿನ ತಟ್ಟೆ ಬಂದಿದ್ದವು. ಮೈಲೋ ತಟ್ಟೆ ಎಂಥದೆಂದು ಗಮನಿಸದೆ ಅದನ್ನೆಲ್ಲ ತಿನ್ನುತ್ತ, ಹೊಸ ಏಜೆಂಟನಿಗೆ ಊರು ತೋರಿಸುತ್ತಿರುವ ಮರ್ಯಾದೆ ಇದು ಎಂದುಕೊಂಡ.

“ನೋಡು, ಬ್ಯೂಷರನಿಗೆ ಒಂದಿನ ಒಬ್ರಾದ್ರೂ ತಂದ್ಕೊಟ್ರಾ?” ಎಂದು ಹೆಂಡತಿಯನ್ನು ಕೇಳಿದ.

ಹತ್ತು ದಿನ ಬಿಟ್ಟು ಇಲಾಖೆಯಿಂದ ಎರಡು ಕಾಗದ ಬಂದವು. ಮೈಲೋಗೆ ಬಂದದ್ದರಲ್ಲಿ, ಬೆರಳಚ್ಚು ಓದಲಾಗುತ್ತಿಲ್ಲ, ಹೆಸರು ಹಿಡಿದು ಹುಡುಕಿಸಿದ್ದೇವೆ, ಮೊಕದ್ದಮೆ ಏನೂ ಇಲ್ಲ. ಆದರೆ ತಾವು ಲಗತ್ತಿಸಿದ ಪಟ್ಟಿಯ ವಿಚಾರಣೆಗೆ ಮಿಸೆಸ್ ಲಾರ್ಕಿನ್ ಎಂಬ ಅಧಿಕಾರಿ ಖುದ್ದಾಗಿ ಬರುತ್ತಾರೆ, ಎಂದಿತ್ತು. ಎರಡನೆಯ ಕಾಗದವನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಶೆರಿಫ್ ಲೆಸ್ಟರ್ ಅಂಗಡಿಗೆ ನುಗ್ಗಿದ. ಶೆರಿಫ್ ಹುದ್ದೆಯ ಚುನಾವಣೆಗೆ ಎಂಟು ವಾರ ಉಳಿದಿತ್ತು. ಊರ ತುಂಬ ಅವನ ನಗುಮುಖದ ಬೋರ್ಡುಗಳಿದ್ದವು. ಈಗ ಆ ಮುಖದಲ್ಲಿ ನಗು ಇರಲಿಲ್ಲ.

“ಕಲ್ಲಂಗಡಿನಾ? ನಲವತ್ತು ವರ್ಷ ಆದ್ಮೇಲೆ ಕಲ್ಲಂಗಡಿನಾ?”

“ಮೂರು,” ಎಂದ ಮೈಲೋ.

“ನಾನು ಶೆರಿಫ್ ಕಣೋ.”

“ಅದನ್ನೂ ಬರ್ದಿದೀನಿ. ಬ್ರಾಕೆಟ್ಟಲ್ಲಿ.”

“ನಿನ್ನನ್ನ ಈಗ್ಲೇ ಎಳ್ಕೊಂಡ್ಹೋಗಿ ಒಳಗೆ ಹಾಕ್ತೀನಿ.”

“ಯಾವ ತಪ್ಪಿಗೆ?”

ಲೆಸ್ಟರ್ ಕಾಗದವನ್ನು ಬಿಡಿಸಿ ಮೇಲಿಂದ ಕೆಳಗೆ ಇನ್ನೊಮ್ಮೆ ನೋಡಿದ. ಕಲ್ಲಂಗಡಿ ಎಂದರೆ ಪಕ್ಕದ ಕೋಣೆಗೆ ತಾನೂ ಹೋಗಬೇಕಾಗುತ್ತಿತ್ತು. “ಏಣಿಗೆ,” ಎಂದ ಕೊನೆಗೆ. “ಆ ಏಣಿಗೆ ಹಾಕ್ತೀನಿ.”

ಮಿಸೆಸ್ ಲಾರ್ಕಿನ್ ಸೆಪ್ಟೆಂಬರ್ ಹತ್ತೊಂಬತ್ತಕ್ಕೆ ಬಂದಳು. ಒಣಕಲು ಹೆಂಗಸು, ಬಗಲಲ್ಲಿ ಕಡತ, ಕೈಯಲ್ಲಿ ಮನೆಯಿಂದಲೇ ತಂದ ಕಾಫಿಯ ಫ್ಲಾಸ್ಕು. ಒಳಗೆ ಬರುವ ಮೊದಲು ಹೊರಗೆ ನಿಂತು ಕಿಟಕಿಯ ಬಂಗಾರದ ಅಕ್ಷರಗಳನ್ನು ಪೂರ್ತಿ ಓದಿದಳು. ಹತ್ತಿರ ಹೋಗಿ ಇನ್ನೊಮ್ಮೆ ಓದಿದಳು.

“ಇದನ್ನ ಯಾರು ಬರೆಸಿದ್ದು, ಮಿಸ್ಟರ್ ಕೊವಾಂಡಾ?”

“ನಾನೇ, ಮೇಡಂ.”

“ಲೈಸೆನ್ಸು ಸಿಗೋ ಮುಂಚೆ ‘ಪರವಾನಗಿ ಪಡೆದ’ ಅಂತ ಬರೆಸ್ಕೊಂಡ್ರೆ ಅದೇ ಒಂದು ತಪ್ಪು.”

ಮೈಲೋ ಕಿವಿಯ ಹಿಂದಿನ ಪೆನ್ಸಿಲ್ಲಿಗೆ ಕೈ ಹಾಕಿದ. “ಹತ್ತನೇದು ಅಂತ ಸೇರಿಸ್ಲಾ?”

“ಬೇಡ. ದಯವಿಟ್ಟು ಇನ್ನೇನೂ ಸೇರಿಸ್ಬೇಡಿ.”

ಆರ್ಡಿಸ್ ಕಂದು ಕಾಗದ ತಂದು ಆ ಎರಡು ಪದಗಳ ಮೇಲೆ ಅಂಟಿಸಿದಳು. ಚೌಕದ ಆಚೆ ಹೋಟೆಲಿನಲ್ಲಿ ಕೂತಿದ್ದವರು, ಸರ್ಕಾರದ ಹೆಂಗಸು ಬಂದು ಮೈಲೋನ ಲೈಸೆನ್ಸು ಕಿತ್ತುಕೊಂಡಳು ಎಂದು ತೀರ್ಮಾನಿಸಿದರು. ಅಂದು ಸಂಜೆ ಇನ್ನೂ ಎರಡು ತಗಡಿನ ತಟ್ಟೆ ಬಂದವು. ಒಂದರಲ್ಲಿ ಹಸಿರು ಜೆಲ್ಲಿ.

ಒಳಗೆ ಮಿಸೆಸ್ ಲಾರ್ಕಿನ್ ಕಡತ ಬಿಚ್ಚಿದಳು. “ನಾನು ಇಪ್ಪತ್ತೆರಡು ವರ್ಷದಿಂದ ಅರ್ಜಿ ನೋಡ್ತಿದೀನಿ. ಜನರ ದುಡ್ಡು ನುಂಗಿ ಓಡಿಹೋದವರ ಅರ್ಜಿ ನೋಡಿದೀನಿ. ಅವರೆಲ್ಲ ಈ ಪ್ರಶ್ನೆಗೆ ಇಲ್ಲ ಅಂತ ಗುರುತು ಹಾಕಿದ್ರು. ಇದನ್ನ ಹರಿದು ಬಿಸಾಕಿ, ಇಲ್ಲ ಅಂತ ಬರೀರಿ ಅನ್ನೋಕೆ ನನಗೂ ಆಸೆ.”

“ಹಾಗೆ ಬರೆಯೋಕಾಗಲ್ಲ ಮೇಡಂ.”

“ಗೊತ್ತು. ನನಗೂ ಹರಿಯೋಕಾಗಲ್ಲ. ಮುದ್ರೆ ಬಿದ್ದು ಕಡತಕ್ಕೆ ಸೇರಿಬಿಟ್ಟಿದೆ. ಕಡತದಲ್ಲಿರೋದನ್ನ ತೀರಿಸ್ದೆ ನಾನು ಸಹಿ ಹಾಕೋ ಹಾಗಿಲ್ಲ.” ಅವಳು ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿಕೊಂಡಳು. “ನಿಮ್ಮ ಕಸುಬಲ್ಲಿ ಪಟ್ಟಿಯಿಂದ ಒಂದು ಹೊರತನ್ನ ತೆಗೀಬೇಕು ಅಂದ್ರೆ ಏನು ಮಾಡ್ತೀರಿ?”

“ಹಕ್ಕು ಇರೋರಿಂದ, ಇನ್ನು ಬಾಕಿ ಏನೂ ಇಲ್ಲ ಅಂತ ಖುಲಾಸೆ ಪತ್ರ ಬರೆಸ್ತೀವಿ. ನೋಟರಿ ಎದುರು ಸಹಿ. ಆಮೇಲೆ ನೋಂದಣಿ.”

“ಹಾಗಾದ್ರೆ ತನ್ನಿ.”

“ಒಂಬತ್ತೂನಾ?”

“ಒಂಬತ್ತೂ. ಮೂವತ್ತರ ಸಂಜೆ ಐದರೊಳಗೆ ನನ್ನ ಕೈಲಿರಬೇಕು.”

ಬೇರೆ ಯಾರಾದರೂ ತಲೆ ಮೇಲೆ ಕೈ ಹೊತ್ತು ಕೂರುತ್ತಿದ್ದರು. ಮೈಲೋಗೆ ಖುಷಿಯಾಯಿತು. ತನ್ನ ಕಸುಬಿನ ಕ್ರಮವನ್ನು ಅರ್ಥ ಮಾಡಿಕೊಂಡ ಸರ್ಕಾರಿ ಅಧಿಕಾರಿಯನ್ನು ಅವನು ಕಂಡದ್ದು ಇದೇ ಮೊದಲು. ಅವಳ ಕಾರಿನ ಬಾಗಿಲು ತಾನೇ ತೆಗೆದ.

ಮಾರನೆಯ ದಿನದಿಂದ ಸುತ್ತಾಟ ಶುರುವಾಯಿತು. ಪ್ಯಾನ್‌ಕೇಕಿನ ಖುಲಾಸೆಗೆ ಪಾದ್ರಿ ಓದದೆಯೇ ಸಹಿ ಹಾಕಿ, ಆ ದಿನ ಮೂರನೇ ಸಲ ಬಂದವರೂ ಇದ್ದರು ಎಂದ. ಏಣಿಯ ಖುಲಾಸೆ ಅಷ್ಟು ಸಲೀಸಾಗಲಿಲ್ಲ.

“ಏಣಿ ನಂದಲ್ವಲ್ಲ ಮೈಲೋ,” ಎಂದಳು ಲವೋನ್.

“ನಿಂದಲ್ವಾ? ನಿನ್ನ ಗ್ಯಾರೇಜಿಂದ ತಾನೇ ತಂದಿದ್ದು?”

“ನಾನು ಚರ್ಚಿಂದ ತಂದಿದ್ದೆ. ಕ್ರಿಸ್‌ಮಸ್ ದೀಪ ಕಟ್ಟೋಕೆ. ಎರಡು ಸಾವಿರದ ಮೂರರಲ್ಲಿ.”

ಮೈಲೋ ಮತ್ತೆ ಪಾದ್ರಿಯ ಬಳಿ ಹೋದ. ಹತ್ತೊಂಬತ್ತು ವರ್ಷದಿಂದ ಚರ್ಚಿನ ಏಣಿ ಹುಡುಕುತ್ತಿದ್ದ ಪಾದ್ರಿ ಈ ಸಲ ಪ್ರತಿ ಅಕ್ಷರವನ್ನೂ ಓದಿ, ಏಣಿ ವಾಪಸು ಬಂದ ಮೇಲೆ ಸಹಿ ಹಾಕಿದ. ಎರಡು, ಮೂರು, ಆರು, ಎಂಟು, ಒಂಬತ್ತು ಹೇಗೋ ತೀರಿದವು. ಮನೆಯ ಹೊರಗೆ ಉಳಿದದ್ದು ಕಲ್ಲಂಗಡಿ.

ಬೊಜೆನಾ ಶಿಮೆಕ್‌ಗೆ ಎಂಬತ್ತೆಂಟು ವರ್ಷ. ಊರಿನ ಜೆಕ್ ಮಂದಿಗೆಲ್ಲ ಅವಳು ‘ಟೇಟಾ’, ಅಂದರೆ ಅತ್ತೆ. ಅವಳ ನೆಂಟರ ಓಟೇ ಅರವತ್ತು. ಮೈಲೋನೂ ಲೆಸ್ಟರನೂ ಟೋಪಿ ಕೈಯಲ್ಲಿ ಹಿಡಿದು ಅವಳ ಅಡುಗೆಮನೆಯಲ್ಲಿ ಕೂತರು. ಅವಳು ಗಸಗಸೆ ಹೂರಣದ ಕೊಲಾಚೆ ಬನ್ನುಗಳ ತಟ್ಟೆಯನ್ನು ಮುಂದಿಟ್ಟಳು. ಮೈಲೋ ವಿಷಯ ಹೇಳಿದ.

“ಯಾರು, ನೀವಿಬ್ರಾ?” ಎಂದಳು ಟೇಟಾ.

“ನಾವೇ ಟೇಟಾ.”

“ಪಕ್ಕದ ಮನೆ ಎರ್ವಿನ್ ಅಲ್ವಾ?”

“ಅಲ್ಲ.”

ಟೇಟಾ ಕೊಲಾಚೆ ತಟ್ಟೆಯನ್ನು ತನ್ನ ಕಡೆಗೆ ಎಳೆದುಕೊಂಡಳು. ಲೆಸ್ಟರನ ಕೈ ಗಾಳಿಯಲ್ಲೇ ಉಳಿಯಿತು.

“ನಲವತ್ತು ವರ್ಷ,” ಎಂದಳು. “ನಲವತ್ತು ವರ್ಷ ಆ ಎರ್ವಿನ್ ಜೊತೆ ಮಾತು ಬಿಟ್ಟಿದೀನಿ. ಬೇಲಿ ಹತ್ರ ಬಂದ್ರೆ ಮುಖ ತಿರುಗಿಸ್ಕೊಂಡು ಒಳಗೆ ಬರ್ತಿದ್ದೆ. ಬೆಳಿಗ್ಗೆ ಎದ್ರೆ ಅದೊಂದು ಕೆಲಸ ಇರೋದು. ಈಗ ನೀವು ಬಂದು ಅದನ್ನೂ ಕಿತ್ಕೊಳ್ತೀರಾ?”

“ಇಲ್ಲೊಂದು ಸಹಿ ಹಾಕಿದ್ರೆ...” ಎಂದ ಲೆಸ್ಟರ್.

“ಬಾಯ್ಮುಚ್ಚು, ಶೆರಿಫನಂತೆ. ನನ್ನ ಜೊತೆ ಜಗಳ ಆಡಿದ್ದೋರೆಲ್ಲ ಸತ್ರು. ಉಳ್ದಿದ್ದೋನು ಎರ್ವಿನ್ ಒಬ್ನೇ. ಎಂಬತ್ತೆಂಟನೇ ವಯಸ್ಸಲ್ಲಿ ಹೊಸ ಜಗಳ ಎಲ್ಲಿಂದ ತರ್ಲಿ ನಾನು?”

ಆಗ ಮೈಲೋನ ತಲೆಗೆ ಕಸುಬಿನ ಬುದ್ಧಿ ಹೊಳೆಯಿತು. ಅಡಮಾನ ಒಬ್ಬನಿಂದ ಇನ್ನೊಬ್ಬನಿಗೆ ಹೋಗುವುದಿಲ್ಲವೇ?

“ಟೇಟಾ, ಹೊಸದೇನೂ ಬೇಡ. ಇರೋ ಜಗಳಾನೇ ವರ್ಗಾಯಿಸ್ಬಹುದು.”

“ಯಾರ ಮೇಲಕ್ಕೆ?”

“ನನ್ನ ಮೇಲಕ್ಕೆ. ಬರ್ದು ಕೊಡ್ತೀನಿ.”

ಟೇಟಾ ಯೋಚಿಸಿದಳು. “ಪೂರ್ತಿ ನಲವತ್ತು ವರ್ಷದ್ದಾ?”

“ಬಡ್ಡಿ ಸಮೇತ.”

“ಅರ್ಧ ಇವನ ಮೇಲೂ ಹಾಕು,” ಎಂದು ಲೆಸ್ಟರನ ಕಡೆ ಗದ್ದ ತೋರಿಸಿದಳು.

ಲೆಸ್ಟರ್ ಅರವತ್ತು ಓಟುಗಳನ್ನು ನೆನೆದು ಮೆಲ್ಲಗೆ ನರಳಿದ. ಮೈಲೋ ಅಲ್ಲೇ ಕೂತು ಬರೆದ: ಎರ್ವಿನ್ ಗಾಟ್ಷ್ ಅವರ ಮೇಲಿದ್ದ ಸಕಲ ಅಸಮಾಧಾನವನ್ನೂ ಸಮಭಾಗವಾಗಿ ಕೆಳಗಿನ ಇಬ್ಬರ ಮೇಲೆ ವರ್ಗಾಯಿಸಲಾಗಿದೆ, ಕಲ್ಲಂಗಡಿಯ ಹಕ್ಕನ್ನು ಬಿಡಲಾಗಿದೆ. ಬ್ಯಾಂಕಿನ ನೋಟರಿಯನ್ನು ಕರೆಸಿದರು. ಟೇಟಾ ನಡುಗದ ಕೈಯಲ್ಲಿ ಸಹಿ ಹಾಕಿದಳು.

“ಬಹಳ ಉಪಕಾರ ಆಯ್ತು ಟೇಟಾ,” ಎಂದ ಮೈಲೋ.

ಟೇಟಾ ಮುಖವನ್ನು ಗೋಡೆಯ ಕಡೆ ತಿರುಗಿಸಿದಳು. ವರ್ಗಾವಣೆ ಆ ಕ್ಷಣದಿಂದಲೇ ಜಾರಿಗೆ ಬಂದಿತ್ತು.

ಎರ್ವಿನ್‌ಗೆ ತಿಳಿಸುವುದು ಧರ್ಮವೆಂದು ಮೈಲೋ ಬೇಲಿ ದಾಟಿ ಹೋದ. ಮುದುಕ ಟೊಮೇಟೊ ಗಿಡಕ್ಕೆ ನೀರು ಬಿಡುತ್ತಿದ್ದ. ಎಲ್ಲ ಕೇಳಿ ನಲ್ಲಿ ನಿಲ್ಲಿಸಿದ.

“ಜಗಳ ಆಡ್ತಿದ್ಲಾ?” ಎಂದ. “ನನ್ನ ಹೆಂಡ್ತಿ ಹೋದಾಗಿಂದ ಊರೆಲ್ಲ ಬಂದು ತಲೆ ತಿನ್ನೋರು. ಸುಮ್ನೆ ತನ್ನ ಪಾಡಿಗೆ ಇದ್ದೋಳು ಅವಳೊಬ್ಳೇ. ಎಂಥಾ ಸೂಕ್ಷ್ಮದ ಹೆಂಗಸು ಅಂದ್ಕೊಂಡಿದ್ದೆ.” ಅವನಿಗೆ ನಿಜಕ್ಕೂ ನೋವಾಗಿತ್ತು. ಅಂದಿನಿಂದ ಅವನೂ ಮೈಲೋನ ಜೊತೆ ಮಾತು ಬಿಟ್ಟ.

ಖುಲಾಸೆ ಪತ್ರಗಳು ನೋಂದಣಿ ಪುಸ್ತಕಕ್ಕೆ ಸೇರಿದವು. ಪುಸ್ತಕ ಯಾರು ಬೇಕಾದರೂ ನೋಡಬಹುದು. ಲವೋನ್ ಹೋಗಿ ನೋಡಿದಳು. ಓದಿ ನೇರವಾಗಿ ಆರ್ಡಿಸ್‌ಳ ಬಳಿ ಬಂದಳು.

“ಕಲ್ಲಂಗಡಿನಾ? ಬರೀ ಕಲ್ಲಂಗಡಿನಾ? ನಾನು ಎರಡು ಪೌಂಡ್ ಚೀಸ್ ಹಾಕಿದ್ದೆ.”

ಊರು ಮೈಲೋನನ್ನು ಕ್ಷಮಿಸಲಿಲ್ಲ. ಅವನು ಜೈಲಿಗೆ ಹೋಗಿದ್ದರೆ ಕ್ಷಮಿಸುತ್ತಿತ್ತು.

ಅಂತೂ ಸೆಪ್ಟೆಂಬರ್ ಇಪ್ಪತ್ತೊಂಬತ್ತರ ಮಧ್ಯಾಹ್ನಕ್ಕೆ ಎಂಟು ತೀರಿ ಒಂದು ಉಳಿಯಿತು. ಅದು ಮನೆಯದೇ ಎಂದು ಮೈಲೋ ಕೊನೆಗಿಟ್ಟುಕೊಂಡಿದ್ದ. ಏಳನೇ ಹೊರತಿನ ಖುಲಾಸೆ ಪತ್ರವನ್ನು ಮೇಜಿನ ಮೇಲಿಟ್ಟು ಪೆನ್ನು ಮುಂದೆ ಹಿಡಿದ.

ಆರ್ಡಿಸ್ ಓದಿದಳು. “ಹಾಕಲ್ಲ,” ಎಂದಳು.

“ಏನು ಹಾಕಲ್ಲ?”

“ಸಹಿ.”

“ಆರ್ಡಿಸ್, ನಾಳೆ ಐದು ಗಂಟೆಗೆ ಅಂಗಡಿ ಮುಚ್ಚಿಹೋಗತ್ತೆ.”

“ಗೊತ್ತು.”

“ಒಮಾಹಾದೋರು ಬಂದು ಕೂತಿದಾರೆ.”

“ನೋಡಿದೀನಿ. ಪರದೆ ಚೆನ್ನಾಗಿ ಹಾಕಿದಾರೆ.”

“ಕರ್ಕೊಂಡ್ಹೋಗ್ತೀನಿ ಕಣೇ. ಮಾತು ಕೊಡ್ತೀನಿ.”

“ಅದನ್ನ ಕೊಟ್ಟಾಗಿದೆ. ಕಡತದಲ್ಲಿದೆ.” ಅವಳು ಕಾಗದವನ್ನು ಬೆರಳಿನಿಂದ ಅವನ ಕಡೆಗೆ ತಳ್ಳಿದಳು. “ತೀರದೆ ಇರೋ ಋಣಕ್ಕೆ ತೀರಿದೆ ಅಂತ ಖುಲಾಸೆ ಬರೆಸ್ಕೊಂಡ್ರೆ ನಿಮ್ಮ ಕಸುಬಲ್ಲಿ ಅದಕ್ಕೆ ಏನಂತಾರೆ, ಮೈಲೋ?”

ಮೈಲೋ ಪೆನ್ನಿಗೆ ಮುಚ್ಚಳ ಹಾಕಿದ. “ಮೋಸ ಅಂತಾರೆ,” ಎಂದ.

ಮೂವತ್ತರ ಬೆಳಿಗ್ಗೆ ಬೆಳಕು ಹರಿಯುವಾಗ ಅವರ ಹಳೆಯ ಕಾರು ಪಶ್ಚಿಮಕ್ಕೆ ಹೊರಟಿತು. ಅದೇ ಹನ್ನೊಂದು ದೋಷದ ಕಾರು. ದಾರಿಯಲ್ಲಿ ಆರು ಕಾಣಿಸಿಕೊಂಡವು. ಏಳು ಗಂಟೆಯ ಹಾದಿ ಒಂಬತ್ತಾಯಿತು. ಇಕ್ಕೆಲದಲ್ಲೂ ಜೋಳದ ಹೊಲ. ಜೋಳ ಮುಗಿದ ಮೇಲೆ ಹುಲ್ಲು, ಹುಲ್ಲು ಮುಗಿದರೆ ಮತ್ತೆ ಹುಲ್ಲು. ಕೊಲರಾಡೋದ ಗ್ರೀಲಿ ಊರು ಮುಟ್ಟುವಾಗ ಅಲ್ಲಿನ ಗಡಿಯಾರದಲ್ಲಿ ಮೂರು ಹೊಡೆದಿತ್ತು. ಆ ಸೀಮೆಯ ಗಡಿಯಾರ ಬ್ರಾನೆಕ್‌ಗಿಂತ ಒಂದು ಗಂಟೆ ಹಿಂದೆ. ಮನೆಯ ಕಡೆ ಆಗ ನಾಲ್ಕು.

ಬ್ಯಾಂಕೊಂದರ ಮುಂದೆ ಕಾರು ನಿಲ್ಲಿಸಿದರು. ನೋಟರಿ ಹೆಂಗಸು ಮುದ್ರೆ ಹಿಡಿದು ಹೊರಗೆ ಬಂದಳು. ಮೈಲೋ ಕೈ ಚಾಚಿ ಪಶ್ಚಿಮ ದಿಕ್ಕನ್ನು ತೋರಿಸಿದ.

“ನೋಡು. ಬೆಟ್ಟ.”

ಆರ್ಡಿಸ್ ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದಳು. “ಅದು ಮೋಡ.”

“ಮೋಡದ ಹಿಂದೆ ಇದೆ.”

“ಹಿಂದೆ ಏನಿದೆ ಅಂತ ನಾನು ಹೇಗೆ ಸಹಿ ಹಾಕ್ಲಿ? ಕಂಡದ್ದಕ್ಕೆ ತಾನೇ ಸಹಿ?”

ಮೈಲೋ ನೋಟರಿಯ ಮುಖ ನೋಡಿದ. “ಅವರು ಹೇಳೋದು ಸರಿ,” ಎಂದಳು ನೋಟರಿ. “ಆದ್ರೆ ಬೆಟ್ಟ ಅಲ್ಲೇ ಇದೆ. ನಿನ್ನೆ ನೋಡಿದ್ದೆ.”

ಮೂರೂಕಾಲು. ಮೂರೂವರೆ. ಮೈಲೋ ಮೋಡವನ್ನು ದಿಟ್ಟಿಸಿಕೊಂಡು ನಿಂತ, ಅದರ ಮೇಲೆ ಯಾರದಾದರೂ ಹಕ್ಕು ದಾಖಲಾಗಿದೆಯೇ ಎಂದು ಹುಡುಕುವವನಂತೆ. ಆರ್ಡಿಸ್ ಕಾರಿನ ಮೂತಿಯ ಮೇಲೆ ಕೂತು ಫ್ರೀಜರಿನಲ್ಲಿ ಉಳಿಸಿಟ್ಟು ತಂದಿದ್ದ ಕೊನೆಯ ತಗಡಿನ ತಟ್ಟೆಯಿಂದ ಲವೋನ್‌ಳ ನೂಡಲ್ಸು ತಿಂದಳು, ನೋಟರಿಗೂ ಕೊಟ್ಟಳು. ಮೂರೂ ನಲವತ್ತಕ್ಕೆ ಗಾಳಿ ತಿರುಗಿತು. ಮೋಡ ಸರಿಯಿತು, ಹಿಂದೆ ಬೆಟ್ಟ ಇತ್ತು. ಒಂದಲ್ಲ, ಸಾಲು ಸಾಲು, ನೀಲಿ, ತುದಿಯಲ್ಲಿ ಹಿಮ.

ಆರ್ಡಿಸ್ ಚಮಚ ಕೆಳಗಿಟ್ಟಳು. ಹತ್ತು ನಿಮಿಷ ನೋಡಿದಳು. ಮೈಲೋ ಗಡಿಯಾರ ನೋಡಿಕೊಂಡ, ಬಾಯಿ ತೆರೆದ. ನೋಟರಿ ಅವನ ಕಾಲು ತುಳಿದಳು.

ಆಮೇಲೆ ಆರ್ಡಿಸ್ ಪೆನ್ನು ಕೇಳಿದಳು. ಸಹಿ ಮಾಡುವ ಮೊದಲು ಕಾಗದದ ಕೆಳಗೆ ಏನೋ ಎರಡು ಸಾಲು ಬರೆದಳು. ಮೈಲೋಗೆ ಓದಲು ಸಮಯವಿರಲಿಲ್ಲ. ಬ್ಯಾಂಕಿನ ಯಂತ್ರದಿಂದ ಕಾಗದ ಇಲಾಖೆಗೆ ಹೋಗುವಾಗ ಮಿಸೆಸ್ ಲಾರ್ಕಿನ್‌ಳ ಗಡಿಯಾರದಲ್ಲಿ ಐದಕ್ಕೆ ನಾಲ್ಕು ನಿಮಿಷವಿತ್ತು. ಐದಕ್ಕೆ ಒಂದು ನಿಮಿಷ ಇರುವಾಗ ಅವಳ ಫೋನು ಬಂತು.

“ಸಹಿ ಹಾಕಿದೀನಿ, ಮಿಸ್ಟರ್ ಕೊವಾಂಡಾ. ಏಜೆಂಟಿಗೆ ಒಂದು, ಏಜೆನ್ಸಿಗೆ ಒಂದು. ಕಿಟಕಿ ಮೇಲಿನ ಕಾಗದ ತೆಗೀಬಹುದು. ಕೊನೇ ಎರಡು ಸಾಲು ನಮ್ಮ ಇಲಾಖೆಗೆ ಸಂಬಂಧಪಟ್ಟಿದ್ದಲ್ಲ. ಅದನ್ನ ನೀವಿಬ್ರೇ ನೋಡ್ಕೊಳ್ಳಿ.”

ಮೈಲೋ ಕಾಗದವನ್ನು ಬೆಳಕಿಗೆ ಹಿಡಿದ. ಹೆಂಡತಿಯ ಗುಂಡಗಿನ ಅಕ್ಷರದಲ್ಲಿ ಹೀಗಿತ್ತು: ‘ಸದರಿ ಮಾತು ತೀರಿದೆ, ಈ ಕೆಳಗಿನದರ ಹೊರತು. ಒಂದು: ಕ್ಯಾಲಿಫೋರ್ನಿಯಾದ ಸಮುದ್ರ. ಇದರ ಮಾತೂ ಅದೇ ದಿನ ಆಗಿತ್ತು. ಅರ್ಜಿದಾರನು ತನ್ನ ಪಟ್ಟಿಯಲ್ಲಿ ಬರೆಯದೆ ಬಿಟ್ಟಿದ್ದಾನೆ.’

ಮೈಲೋ ಬಿಳಿಚಿಕೊಂಡ. ಸಮುದ್ರಕ್ಕೆ ಅಲ್ಲ, ಮೂವತ್ತೊಂದು ವರ್ಷದಲ್ಲಿ ಅವನು ಒಂದು ಹೊರತನ್ನೂ ಬಿಟ್ಟವನಲ್ಲ.

“ಬಿಟ್ಟುಹೋಯ್ತಲ್ಲೇ,” ಎಂದ, ಕಾರಿನ ಬಾಗಿಲು ಹಿಡಿದುಕೊಂಡು.

“ಬಿಟ್ಟದ್ದಕ್ಕೆ ಏನು ಮಾಡ್ಬೇಕು ಅಂತ ನೀನೇ ಹೇಳ್ತಿರ್ತೀಯಲ್ಲ,” ಎಂದು ಆರ್ಡಿಸ್ ಒಳಗೆ ಕೂತಳು.

ಲೈಸೆನ್ಸನ್ನು ಎರಡು ವರ್ಷಕ್ಕೊಮ್ಮೆ ಹೊಸದು ಮಾಡಿಸಬೇಕು. ಅದರ ಅರ್ಜಿಯ ಕೊನೆಯ ಪುಟದಲ್ಲೂ ಅದೇ ಪ್ರಶ್ನೆ ಇರುತ್ತದೆಂದು ಅವಳು ಮಿಸೆಸ್ ಲಾರ್ಕಿನ್‌ಳನ್ನು ಆಗಲೇ ಕೇಳಿ ತಿಳಿದುಕೊಂಡಿದ್ದಳು.